ಸುದ್ದಿ ಬಾರದವನ ಎಲೆ

ತನಿಯನಿಗೆ ಕೂತಲ್ಲಿ ಕೂರಲು ಬರುತ್ತಿರಲಿಲ್ಲ. ದೋಹಾದ ನಜ್ಮಾದಲ್ಲಿ, ಎರಡು ದರ್ಜಿ ಅಂಗಡಿಗಳ ನಡುವೆ ಇಕ್ಕಟ್ಟಾಗಿ ನಿಂತ ಟೈಪಿಂಗ್ ಸೆಂಟರಿನಲ್ಲಿ ಇಪ್ಪತ್ತೇಳು ವರ್ಷ ಕುರ್ಚಿಯ ಮೇಲೆಯೇ ದುಡಿದವನು ಅವನು. ಆದರೂ ಒಂದು ಅರ್ಜಿ ಮುಗಿದು ಇನ್ನೊಂದು ಕೈಗೆ ಬರುವುದರೊಳಗೆ ಎದ್ದು ಬಾಗಿಲಿಗೆ ಹೋಗುತ್ತಿದ್ದ. ಬೀದಿಯ ಎರಡೂ ತುದಿ ನೋಡಿ ಮರಳುತ್ತಿದ್ದ. ಯಾರಾದರೂ ಬರುವವರಿದ್ದಾರಾ ಎಂದು ಜೊತೆಗಾರ ಲ್ಯಾನ್ಸ್‌ಲಾಟ್ ಕೇಳಿದರೆ, "ಇಲ್ಲ ಮಾರಾಯ, ಸುಮ್ಮನೆ" ಎನ್ನುತ್ತಿದ್ದ.

ಈ ಬೇಸಿಗೆಯಲ್ಲಿ ಆ ಚಡಪಡಿಕೆ ಮಿತಿಮೀರಿತ್ತು. ಮಂಗಳೂರಿನಿಂದ ವಿಸಿಟ್ ವೀಸಾದಲ್ಲಿ ಬಂದ ತಾಯಿ ಅಕ್ಕು ಮಗನ ಮನೆಯಲ್ಲಿ ಎರಡು ತಿಂಗಳು ಕಳೆದಿದ್ದಳು. ಬರುವ ಶುಕ್ರವಾರ ಸಂಜೆ ಅವಳ ವಿಮಾನ. ಅಷ್ಟರೊಳಗೆ ತನಿಯ ಒಂದು ಸಾವನ್ನು ಹುಡುಕಿ ಕೊಡಬೇಕಿತ್ತು.

ಸತ್ತವನು ಡಚ್ಚರವನು, ಅಕ್ಕುವಿನ ತಾಯಿ ಅಪ್ಪಿಯ ತಂದೆ. ಸುಮಾರು ನೂರು ವರ್ಷದ ಹಿಂದೆ, ಮಂಗಳೂರಿನ ಹೊಳೆಬದಿಯ ಒಂದು ಹೆಂಚಿನ ಕಾರ್ಖಾನೆಗೆ ಉಗಿಯಂತ್ರ ಕೂರಿಸಲು ಹಾಲೆಂಡಿನಿಂದ ಬಂದ ಮೆಕ್ಯಾನಿಕ್. ಅಲ್ಲಿ ಆವೆಮಣ್ಣು ಹೊರುತ್ತಿದ್ದ ದುಗ್ಗುವಿನ ಜೊತೆ ಎರಡು ವರ್ಷ ಸಂಸಾರ ಮಾಡಿದ. ಅಪ್ಪಿ ಹುಟ್ಟಿದ ನಲವತ್ತನೆಯ ದಿನಕ್ಕೆ ಹಡಗು ಹತ್ತಿದ. ಹೋಗುವಾಗ ದುಗ್ಗುವಿನ ಕೈಗೆ ತನ್ನ ಹೆಸರು, ಊರು ಬರೆದ ಚೀಟಿ ಕೊಟ್ಟ. ಹೆಂಡ್ರಿಕ್ ವಿಲ್ಲೆಮ್ ಕೊಸ್ಟರ್, ಸ್ಕೀಡಾಮ್. ಕಾರ್ಖಾನೆಯ ಗುಮಾಸ್ತರ ಕೈಯಲ್ಲಿ ಬರೆಸಿದ ಮೂರು ಕಾಗದಗಳಿಗೆ ಉತ್ತರ ಬರಲಿಲ್ಲ.

ಅದು ಮಾನ ಹೋಯಿತು ಎನ್ನುವ ಮನೆಯಾಗಿರಲಿಲ್ಲ. ಅಳಿಯಸಂತಾನದ ಕುಟುಂಬ, ಬಳಿ ಎಂದರೆ ಕುಲ, ತಾಯಿಯಿಂದ ಮಕ್ಕಳಿಗೆ ಇಳಿಯುವುದು. ಹುಟ್ಟಿದ ಮಗು ತಾಯಿಯ ಬಳಿಗೆ ಸೇರಿತು, ಮಾವಂದಿರು ಸಾಕಿದರು. ತಂದೆಯ ವಿಚಾರವನ್ನು ಯಾರೂ ಕೆದಕಲಿಲ್ಲ. ತೊಡಕು ಬರುತ್ತಿದ್ದದ್ದು ತುಳುವರ ಆಟಿ ತಿಂಗಳಲ್ಲಿ, ಜುಲೈ-ಆಗಸ್ಟಿನ ಮಳೆಗಾಲದಲ್ಲಿ ಮಾತ್ರ. ಆಟಿಯಲ್ಲಿ ಒಂದು ದಿನ ಮನೆಯಲ್ಲಿ ಸತ್ತವರನ್ನು ಹೆಸರು ಹಿಡಿದು ಕರೆದು, ಬಾಳೆ ಎಲೆ ಹಾಕಿ ಬಡಿಸುತ್ತಾರೆ. ಅಪ್ಪಿಗೆ ತಂದೆಗೂ ಒಂದು ಎಲೆ ಹಾಕುವ ಆಸೆ. ಗಂಡಸಿನ ಎಲೆ ಅವನ ತಾಯಿಮನೆಯವರು ಹಾಕಬೇಕಾದದ್ದು ಎಂದು ಹಿರಿಯರು ಹೇಳಿದರು. ಎಲೆ ಎಂದರೇನೆಂದೇ ತಿಳಿಯದ ದೇಶದಲ್ಲಿ ಯಾರು ಹಾಕುತ್ತಾರೆ ಎಂದು ಅವಳು ವಾದಿಸಿದಳು. ಆದರೆ ಸತ್ತ ಸುದ್ದಿ ಬಾರದವನಿಗೆ ಎಲೆ ಹಾಕಿದರೆ ಬದುಕಿರುವವನನ್ನು ಕೊಂದ ಹಾಗೆ. ಹಿರಿಯರ ಈ ಮಾತಿಗೆ ಅವಳೂ ಒಪ್ಪಿದಳು. ಎಂಬತ್ತೈದು ವರ್ಷ ಸುದ್ದಿಗೆ ಕಾದು ಅವಳೂ ಹೋದಳು. ಚೀಟಿ ಅಕ್ಕುವಿನ ಕೈಗೆ ಬಂತು. ಅಕ್ಕು ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಒಣಮೀನಿನ ಪೊಟ್ಟಣದಿಂದ ದೂರ ಇಟ್ಟು, ದೋಹಾಕ್ಕೆ ತಂದಳು.

"ಬದುಕಿದ್ರೆ ನೂರಿಪ್ಪತ್ತು ದಾಟ್ತಿತ್ತು ತನಿಯಣ್ಣ" ಎಂದು ಲ್ಯಾನ್ಸ್‌ಲಾಟ್ ಕೀಟಲೆ ಮಾಡಿದ. "ಇನ್ನೂ ಸುದ್ದಿ ಬೇಕಾ ನಿಮಗೆ? ನಮ್ಮ ಇಗರ್ಜಿಯ ಪುಸ್ತಕದಲ್ಲಾದ್ರೆ ನನ್ನ ಏಳು ತಲೆಮಾರು ಉಂಟು. ಹುಟ್ಟಿದ್ದು, ಮದುವೆ, ಸತ್ತದ್ದು, ಖಲಾಸ್. ನೀವು ಎಂತಕ್ಕೆ ಬರೆದಿಡ್ಲಿಲ್ಲ?"

"ನಮ್ಮವರು ಬರೆಯುದಿಲ್ಲ, ಬಡಿಸುದು" ಎಂದ ತನಿಯ. ಮತ್ತೆ ಬಾಗಿಲಿಗೆ ಹೋದ.

ಹೊರಗೆ ಗಾಳಿ ಒದ್ದೆ ಕಂಬಳಿಯಂತಿತ್ತು. ಗಿರಾಕಿಗಳು ಕಡಿಮೆಯಾಗಿದ್ದರು. ವೀಸಾ, ಐಡಿ ಎಲ್ಲ ಈಗ ಜನ ಫೋನಿನಲ್ಲೇ ಮಾಡಿಕೊಳ್ಳುತ್ತಾರೆ. ಅಕ್ಷರ ಬಾರದವರು ಮಾತ್ರ ಬರುತ್ತಾರೆ. ಹಾಗೆ ಬಂದವರಿಗೆ ತನಿಯ ಅರಬ್ಬಿಯಲ್ಲಿ ಫಾರಂ ತುಂಬಿ ಕೊಡುತ್ತಿದ್ದ. ತನ್ನ ಹೆಸರು, ತಂದೆಯ ಹೆಸರು, ಮನೆತನ. ಈ ಕ್ರಮ ಅವನ ಬೆರಳುಗಳಿಗೆ ಇಳಿದುಹೋಗಿತ್ತು. ಎಲ್ಲಿಂದಲೋ ಬಂದ ಒಬ್ಬ ತೋಟಗಾರ, "ಫಾದರ್ ನೇಮ್ ಮಾಫಿ" ಎಂದು, ಇಲ್ಲವೆನ್ನುತ್ತ ಕೈ ಅಲ್ಲಾಡಿಸಿದರೂ ತನಿಯ ಪಾಸ್‌ಪೋರ್ಟಿನ ಎರಡನೆಯ ಶಬ್ದವನ್ನು ತಂದೆಯ ಜಾಗದಲ್ಲಿ ಕೂರಿಸಿ, "ಈಗ ಉಂಟು, ಯಲ್ಲಾ" ಎಂದು ಕಳಿಸುತ್ತಿದ್ದ. ಖಾಲಿ ಬಿಟ್ಟ ಅರ್ಜಿ ಸಂಜೆಯೊಳಗೆ ಮರಳಿ ಬರುತ್ತದೆಂದು ಅವನಿಗೆ ಗೊತ್ತಿತ್ತು.

ಡಚ್ಚರು ಇನ್ನೂರು ವರ್ಷಗಳಿಂದ ಊರೂರಿನ ಜನನ, ಮದುವೆ, ಮರಣಗಳನ್ನು ಸರಕಾರಿ ಪುಸ್ತಕಗಳಲ್ಲಿ ಬರೆದಿಟ್ಟಿದ್ದಾರೆ, ಹಳೆಯ ಪುಟಗಳನ್ನು ಮನೆಯಲ್ಲೇ ಕೂತು ನೋಡಬಹುದು ಎಂದು ಅವನಿಗೆ ಹೇಳಿದವಳು ಮಗಳು ಮೋಕ್ಷಾ. ಹದಿನಾರರ ಹುಡುಗಿ, ಶಾಲೆಗೆ ರಜೆ. ಆದರೆ ಹುಡುಕಾಟವನ್ನು ತನಿಯ ಅವಳ ಕೈಗೆ ಬಿಡಲಿಲ್ಲ. ಫಾರಂ ತುಂಬುವುದು ತನ್ನ ಕಸುಬು. ಐನ್ ಖಾಲಿದ್ ಬಡಾವಣೆಯ ಮನೆಗೆ ಬಸ್ಸಿಳಿದು ಬಂದವನೇ ಅಂಗಿ ಬದಲಿಸದೆ ಲ್ಯಾಪ್‌ಟಾಪಿನ ಮುಂದೆ ನಿಲ್ಲುತ್ತಿದ್ದ. ನಿಂತೇ ಬೆರಳಾಡಿಸುತ್ತಿದ್ದ. ಹೆಸರು ಹೆಂಡ್ರಿಕ್, ತಂದೆ ವಿಲ್ಲೆಮ್, ಮನೆತನ ಕೊಸ್ಟರ್.

ಸ್ಕೀಡಾಮ್‌ನಲ್ಲಿ ವಿಲ್ಲೆಮ್ ಕೊಸ್ಟರ್‌ಗಳು ಬೇಕಾದಷ್ಟಿದ್ದರು. ಒಬ್ಬ ಪೀಪಾಯಿ ಮಾಡುವವನು, ಒಬ್ಬ ದೋಣಿಯವನು. ಪೀಪಾಯಿಯವನಿಗೆ ಹೆಂಡ್ರಿಕ್ ಎಂಬ ಮಗ ಹುಟ್ಟಿದ್ದ. ಎರಡು ವರ್ಷಕ್ಕೇ ತೀರಿಕೊಂಡಿದ್ದ. ಅದೇ ಹೆಸರನ್ನು ಮುಂದಿನ ಮಗುವಿಗೆ ಇಟ್ಟಿರಬಹುದೆಂದು ಮೂರು ವಾರ ತನಿಯ ಆ ಪೀಪಾಯಿಯವನ ಒಂಬತ್ತು ಮಕ್ಕಳ ಹಿಂದೆ ಓಡಿದ. ಮಲಗುವ ಕೋಣೆಯ ಗೋಡೆಗೆ ದೊಡ್ಡ ಹಾಳೆಗಳನ್ನು ಅಂಟಿಸಿ ಗೆರೆ ಎಳೆದ.

"ನೋಡಿ, ಈ ವಿಲ್ಲೆಮ್‌ನ ಮಕ್ಕಳಿಗೂ ಸೇರಿಸಿ ಅಕ್ಕಿ ಹಾಕ್ಬೇಕಾ?" ಎಂದು ಹೆಂಡತಿ ನಿಶ್ಮಿತಾ ಅಡುಗೆಮನೆಯಿಂದಲೇ ಕೇಳಿದಳು.

ಅಕ್ಕು ನಗಲಿಲ್ಲ. ಸೋಫಾದ ಮೇಲೆ ಕಾಲು ಮಡಚಿ ಕೂತು, "ಸಿಕ್ಕಿದನಾ ಮಗಾ?" ಎಂದಷ್ಟೇ ಕೇಳುತ್ತಿದ್ದಳು. ದಿನಕ್ಕೆ ಒಮ್ಮೆ, ಅವನ ಊಟವಾದ ಮೇಲೆ. ಅವಳ ಲೆಕ್ಕ ಸರಳವಾಗಿತ್ತು. ಸುದ್ದಿ ಸಿಕ್ಕರೆ ಆಟಿ ಮುಗಿಯುವುದರೊಳಗೆ ಊರಿಗೆ ಹೋಗಿ ಅಪ್ಪಿಯ ಎಲೆಯ ಪಕ್ಕದಲ್ಲಿ ಅವನಿಗೂ ಒಂದು ಎಲೆ ಹಾಕುವುದು. ಮುಂದಿನ ಆಟಿಗೆ ತಾನು ಎಲೆ ಹಾಕುವವಳೋ ಹಾಕಿಸಿಕೊಳ್ಳುವವಳೋ ಯಾರಿಗೆ ಗೊತ್ತು ಎಂದು ಒಮ್ಮೆ ಅಂದಿದ್ದಳು, ಬೀನ್ಸ್ ಬಿಡಿಸುತ್ತ.

ತನಿಯನ ಆಸೆ ಇನ್ನೊಂದಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಆ ಹೆಂಡ್ರಿಕ್ ಬೇಗ ಸತ್ತಿರಬೇಕು. ಹಡಗಿನಲ್ಲೋ, ಊರು ತಲುಪಿದ ವರ್ಷವೋ, ಜ್ವರದಲ್ಲೋ. ಬಾರದೆ ಉಳಿದವನಲ್ಲ, ಬರಲಾಗದೆ ಹೋದವನು ಎಂದು ತೋರಿಸುವ ಒಂದು ತಾರೀಕು ಬೇಕಿತ್ತು ಅವನಿಗೆ. ಮೋಕ್ಷಾ ಹುಟ್ಟಿದಾಗ ತನಿಯ ನಜ್ಮಾದ ಕೋಣೆಯೊಂದರಲ್ಲಿ ಐವರ ಜೊತೆ ಇದ್ದ. ಎರಡು ವರ್ಷಕ್ಕೊಮ್ಮೆ ಒಂದು ತಿಂಗಳ ರಜೆ. ಹನ್ನೊಂದು ವರ್ಷ ಹಾಗೆ ಕಳೆಯಿತು. ಆಮೇಲೆ ಹೆಂಡತಿ ಮಗಳನ್ನು ಕರೆಸಿಕೊಂಡ. ವಿಮಾನ ನಿಲ್ದಾಣದಲ್ಲಿ ಐದನೇ ಕ್ಲಾಸಿನ ಹುಡುಗಿ ಅವನಿಗೆ ಕೈ ಮುಗಿದು ನಮಸ್ಕಾರ ಮಾಡಿದ್ದಳು, ಮನೆಗೆ ಬಂದ ದೊಡ್ಡವರಿಗೆ ಮಾಡುವ ಹಾಗೆ.

ಬುಧವಾರ ಸಂಜೆ, ಮಗ್ರಿಬ್‌ನ ಬಾಂಗ್ ಆಗುವ ಹೊತ್ತಿಗೆ, ಮೋಕ್ಷಾ ಗೋಡೆಯ ಹಾಳೆಗಳ ಮುಂದೆ ನಿಂತು ಕೇಳಿದಳು, "ಪಪ್ಪಾ, ಈ ವಿಲ್ಲೆಮ್ ಯಾರು?"

"ಹೆಂಡ್ರಿಕ್‌ನ ತಂದೆ."

"ಯಾರು ಹೇಳಿದ್ದು?"

"ಚೀಟಿಯಲ್ಲೇ ಉಂಟಲ್ಲ. ಹೆಂಡ್ರಿಕ್, ಅವನ ಹೆಸರು. ವಿಲ್ಲೆಮ್, ತಂದೆ. ಕೊಸ್ಟರ್, ಮನೆತನ."

"ನಮ್ಮ ಕ್ಲಾಸಲ್ಲಿ ಆ್ಯನ್ ಮೇರಿ ಅಂತ ಒಬ್ಳು ಇದ್ದಾಳೆ. ಮೇರಿ ಅವಳ ಫಾದರಾ?"

ತನಿಯ ಗೋಡೆಯನ್ನು ನೋಡಿದ. ಪೀಪಾಯಿಯವನ ಒಂಬತ್ತು ಮಕ್ಕಳೂ ಅವನನ್ನೇ ನೋಡುತ್ತಿರುವಂತೆ ಅನಿಸಿತು.

"ಇಬ್ರೂ ಅವನೇ ಪಪ್ಪಾ. ಎರಡು ಹೆಸರು, ಅಷ್ಟೇ. ಫಾದರ್ ಬಾಕ್ಸ್ ಖಾಲಿ ಬಿಡುವಾ."

"ಖಾಲಿ ಬಿಟ್ರೆ ಸಿಸ್ಟಮ್ ತೆಗೊಳ್ಳುದಿಲ್ಲ."

"ಅದು ನಿಮ್ಮ ಸೆಂಟರಿನ ಸಿಸ್ಟಮ್. ಇದು ಅವರದ್ದು."

ಅವಳು ನೆಲದ ಮೇಲೆ ಕೂತು ತಾನೇ ಬೆರಳಾಡಿಸಿದಳು. ತನಿಯ ಕಿಟಕಿಗೆ ಹೋಗಿ ಬರುವುದರೊಳಗೆ ಪುಟ ತೆರೆದಿತ್ತು. 1896ರ ಅಕ್ಟೋಬರ್. ಓರೆಯಾಗಿ ಹರಿಯುವ ಕಂದು ಶಾಯಿಯ ಅಕ್ಷರಗಳು. ಮೋಕ್ಷಾ ಫೋನಿಗೆ ತೋರಿಸಿ ಅರ್ಥ ಮಾಡಿಸಿಕೊಂಡಳು. ಗಂಡು ಮಗು, ಹೆಂಡ್ರಿಕ್ ವಿಲ್ಲೆಮ್. ತಾಯಿ ನೇಲ್ತ್ಯಾ ಕೊಸ್ಟರ್, ಹತ್ತೊಂಬತ್ತು ವರ್ಷ, ಮನೆಗೆಲಸದವಳು, ಮದುವೆಯಾಗಿಲ್ಲ. ಮಗು ಹುಟ್ಟಿದ್ದನ್ನು ಕಚೇರಿಗೆ ಬಂದು ತಿಳಿಸಿ ರುಜು ಮಾಡಿದವಳು ಸೂಲಗಿತ್ತಿ. ತಂದೆಯ ಮಾತೇ ಇರಲಿಲ್ಲ. ಮಗುವಿಗೆ ತಾಯಿಯ ಮನೆತನದ ಹೆಸರು.

"ನಮ್ಮ ಹಾಗೆಯೇ" ಎಂದಳು ಮೋಕ್ಷಾ.

ತಾಯಿಯ ಹೆಸರು ಸಿಕ್ಕಿದ್ದೇ ತಡ, ಉಳಿದದ್ದು ಒಂದರ ಹಿಂದೆ ಒಂದು ಬಂತು. 1903, ನೇಲ್ತ್ಯಾಳ ಮರಣ, ಇಪ್ಪತ್ತಾರು ವರ್ಷ, ಮದುವೆಯಾಗಿಲ್ಲ. ತಿಳಿಸಿದವರು ಆಸ್ಪತ್ರೆಯ ಇಬ್ಬರು ನೌಕರರು. ಅವಳ ತಂದೆತಾಯಿ ಅದಕ್ಕೆ ಮೊದಲೇ ಸತ್ತಿದ್ದರು. ಬೇರೆ ಮಕ್ಕಳಿಲ್ಲ, ಒಡಹುಟ್ಟಿದವರೂ ಕಾಣಲಿಲ್ಲ. ಆಮೇಲೆ 1919. ಮೋಕ್ಷಾ ಓದುವುದನ್ನು ನಿಲ್ಲಿಸಿದಳು.

"ಎಂತ?" ಎಂದ ತನಿಯ.

"ಮದುವೆ ಪಪ್ಪಾ. ಅವನದ್ದು. ಜೊಹಾನ್ನಾ ಅಂತ."

"1929 ಇರ್ಬೇಕು. ಸರಿ ನೋಡು."

"1919. ಇಪ್ಪತ್ತರಲ್ಲಿ ಒಂದು ಮಗು, ಇಪ್ಪತ್ತೆರಡರಲ್ಲಿ ಒಂದು." ಅವಳು ಇನ್ನೊಂದು ಪುಟ ತೆರೆದಳು. "ಸತ್ತದ್ದು 1961. ಅದೇ ಊರಲ್ಲಿ. ಅರುವತ್ತನಾಲ್ಕು ವರ್ಷ. ಜೊಹಾನ್ನಾಳ ಗಂಡ ಅಂತಲೇ ಬರೆದಿದ್ದಾರೆ."

ಹಡಗು ಮುಳುಗಿರಲಿಲ್ಲ. ಜ್ವರ ಬಂದಿರಲಿಲ್ಲ. ಅವನು ಮಂಗಳೂರಿಗೆ ಬರುವಾಗಲೇ ಮನೆಯಲ್ಲಿ ಹೆಂಡತಿಯೂ ಎರಡು ಮಕ್ಕಳೂ ಇದ್ದರು. ಮರಳಿ ಹೋಗಿ ಅವರ ಜೊತೆ ಮೂವತ್ತನಾಲ್ಕು ವರ್ಷ ಬದುಕಿದ. ಅವನು ಸತ್ತಾಗ ಅಪ್ಪಿಗೆ ಮೂವತ್ತನಾಲ್ಕೇ ವರ್ಷ, ಅವನ ಎಲೆಯ ಬಗ್ಗೆ ಹಿರಿಯರ ಜೊತೆ ವಾದ ಮಾಡುತ್ತಿದ್ದಳು.

"ಕಳ್ಳ" ಎಂದ ತನಿಯ. "ಬಿಟ್ಟು ಓಡಿದ ಕಳ್ಳ."

ಮೋಕ್ಷಾ ಪರದೆಯಿಂದ ತಲೆ ಎತ್ತಲಿಲ್ಲ. "ಅಲ್ಲಿದ್ದ ಮಕ್ಕಳಿಗೆ ಅವರ ಪಪ್ಪ ವಾಪಸ್ ಬಂದ್ರು ಅಲ್ವಾ" ಎಂದಳು. "ದೊಡ್ಡವಳಿಗೆ ಏಳು ವರ್ಷ ಆಗಿರ್ಬೇಕು. ನನಗಿಂತ ಬೇಗ ಸಿಕ್ಕಿದ್ರು."

ತನಿಯ ಬಾಗಿಲು ತೆರೆದು ಮೆಟ್ಟಿಲಿಳಿದ. ಕಟ್ಟಡದ ಸುತ್ತ ಮೂರು ಸುತ್ತು ನಡೆದ. ಅಂಗಿ ಬೆವರಿನಲ್ಲಿ ತೊಯ್ದು ಬೆನ್ನಿಗಂಟಿತು. ಎಲ್ಲಿಗೆ ಹೋಗಿದ್ದೆ ಎಂದು ಯಾರೂ ಕೇಳಲಿಲ್ಲ. ಅವನು ಹಾಗೆ ಹೋಗುವುದು ಮನೆಗೆ ರೂಢಿಯಾಗಿತ್ತು. ಅಂದು ರಾತ್ರಿ ಅಕ್ಕು ಕೇಳಿದಾಗ, "ನಾಳೆ ಹೇಳ್ತೇನೆ ಅಮ್ಮ, ಒಂದು ಪುಟ ಬಾಕಿ ಉಂಟು" ಎಂದ.

ಗುರುವಾರ ಸೆಂಟರಿನಲ್ಲಿ ಅವನು ಆರೂ ಪುಟಗಳನ್ನು ಪ್ರಿಂಟ್ ತೆಗೆದ. ಜನನ, ತಾಯಿಯ ಮರಣ, ಮದುವೆ, ಮಕ್ಕಳಿಬ್ಬರ ಜನನ, ಅವನ ಮರಣ. ಮದುವೆಯದ್ದನ್ನೂ ಮಕ್ಕಳದ್ದನ್ನೂ ಬೇರೆ ಮಾಡಿ ಡ್ರಾಯರಿಗೆ ಹಾಕಿದ. ಉಳಿದ ಮೂರನ್ನು ಕವರಿನಲ್ಲಿಟ್ಟ. ಲ್ಯಾನ್ಸ್‌ಲಾಟ್ ಎಲ್ಲವನ್ನೂ ನೋಡುತ್ತಿದ್ದ.

"ನಿಮ್ಮ ತಾಯಿಗೆ ಎಷ್ಟು ವರ್ಷ?"

"ಎಪ್ಪತ್ತಾರು."

"ಮತ್ತೆಂತಕ್ಕೆ ಮದುವೆ ಸುದ್ದಿ? ಅವರಿಗೆ ಬೇಕಾದದ್ದು ಸಾವು. ಸಾವು ಕೊಡಿ, ಮುಗೀತು. ಇಡೀ ಜೀವಮಾನ ನಾವು ಮಾಡಿದ್ದು ಅದೇ ಅಲ್ವಾ ತನಿಯಣ್ಣ, ಕೌಂಟರಿನವರು ಕೇಳಿದಷ್ಟೇ ಕೊಡುದು."

ಅದು ಸರಿ ಎಂದೇ ತನಿಯನಿಗೂ ತೋರಿತು. ಬಸ್ಸಿನಲ್ಲಿ ಬರುವಾಗ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡ. ಊರಿಗೆ ಹೋದ, ಕಾಯಿಲೆ ಬಿದ್ದ, ಮತ್ತೆ ಬರಲು ಆಗಲಿಲ್ಲ, ಒಬ್ಬನೇ ಇದ್ದು ಸತ್ತ. ಎರಡು ಸ್ಟಾಪ್ ಮೊದಲೇ ಇಳಿದ, ನಡೆದ. ಮನೆ ಹತ್ತಿರವಾದಷ್ಟೂ ಆ ಮಾತು ಹೆಚ್ಚು ನಿಜವೆನಿಸತೊಡಗಿತು.

ಅಕ್ಕು ಸೂಟ್‌ಕೇಸ್ ಕಟ್ಟಿ ಮುಗಿಸಿದ್ದಳು. ಮೋಕ್ಷಾ ಪಕ್ಕದಲ್ಲಿ ಕೂತು ಹಣಿಗೆಯಲ್ಲಿ ಅಜ್ಜಿಯ ತಲೆ ಬಾಚುತ್ತಿದ್ದಳು. ತನಿಯ ಕವರಿನಿಂದ ಮರಣದ ಪುಟ ತೆಗೆದು ತಾಯಿಯ ಮಡಿಲಲ್ಲಿಟ್ಟ.

"ಸಿಕ್ಕಿದ ಅಮ್ಮ. 1961, ಮಾರ್ಚ್ ಒಂಬತ್ತು. ಅವನ ಊರಲ್ಲೇ."

ಅಕ್ಕು ಕಾಗದದ ಮೇಲೆ ಕೈಯಾಡಿಸಿದಳು. ಓದು ಬಾರದ ಬೆರಳು ಸಾಲಿನಿಂದ ಸಾಲಿಗೆ ಹೋಯಿತು. "ಸತ್ತ" ಎಂದಳು, ಬಹಳ ಹೊತ್ತು ಎತ್ತಿಕೊಂಡಿದ್ದ ಮಗುವನ್ನು ಕೆಳಗಿಳಿಸುವವಳಂತೆ. ಆಮೇಲೆ ಕೇಳಿದಳು, "ಅಲ್ಲಿ ಹೆಂಡತಿ ಇದ್ದಳಾ?"

ಬಸ್ಸಿನಲ್ಲಿ ಜೋಡಿಸಿಕೊಂಡ ಮಾತು ತನಿಯನ ನಾಲಿಗೆಯವರೆಗೆ ಬಂತು. ಮೋಕ್ಷಾಳ ಕೈ ಅಜ್ಜಿಯ ಕೂದಲಲ್ಲಿ ನಿಂತಿತ್ತು. ಅವಳು ತಂದೆಯನ್ನು ನೋಡುತ್ತಿದ್ದಳು. ಆ ನೋಟದಲ್ಲಿ ಬೈಗುಳವಿರಲಿಲ್ಲ. ಇವರೀಗ ಏನು ಮಾಡುತ್ತಾರೆ ಎಂದು ತಿಳಿಯುವ ಆಸೆ ಮಾತ್ರ.

"ಇದ್ದಳು" ಎಂದ ತನಿಯ. "ನಮ್ಮ ಊರಿಗೆ ಬರುವ ಮೊದಲೇ ಮದುವೆ ಆಗಿತ್ತು. ಎರಡು ಮಕ್ಕಳು."

ನಿಶ್ಮಿತಾ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು.

ಅಕ್ಕು ತಲೆಯಾಡಿಸಿದಳು. "ನನ್ನ ಅಮ್ಮನಿಗೆ ಇದು ಗೊತ್ತಿತ್ತು ಅಂತ ಕಾಣ್ತದೆ. ಮೂರು ಕಾಗದಕ್ಕೂ ಉತ್ತರ ಕೊಡದವನ ಮನೆಯಲ್ಲಿ ಓದುವವರು ಬೇರೆ ಯಾರೋ ಇರ್ತಾರೆ." ಮತ್ತೆ, "ಅವನ ತಾಯಿ?" ಎಂದು ಕೇಳಿದಳು.

ತನಿಯ ಉಳಿದೆರಡು ಪುಟ ಕೊಟ್ಟ. ಮೋಕ್ಷಾ ಎಲ್ಲ ಬಿಡಿಸಿ ಹೇಳಿದಳು. ಹತ್ತೊಂಬತ್ತು ವರ್ಷದ ಹುಡುಗಿ, ಮನೆಗೆಲಸ, ಸೂಲಗಿತ್ತಿಯ ರುಜು, ಆಸ್ಪತ್ರೆ, ತಿಳಿಸಲು ಬಂದ ಇಬ್ಬರು ನೌಕರರು.

"ಅಣ್ಣ ತಮ್ಮ?"

"ಇಲ್ಲ ಅಜ್ಜಿ."

"ಹೆಣ್ಣುಮಕ್ಕಳು?"

"ಇವನೊಬ್ನೇ."

ಅಕ್ಕು ಮರಣದ ಪುಟವನ್ನು ಮಡಚಿ ಮಗನಿಗೆ ಮರಳಿಸಿದಳು. "ಇವನಿಗೆ ಬೇಡ. ಇವನಿಗೆ ಹೆಂಡತಿ ಇದ್ದಾಳೆ, ಮಕ್ಕಳಿದ್ದಾರೆ, ಅವರ ಕ್ರಮದಲ್ಲಿ ಏನು ಮಾಡ್ಬೇಕೋ ಮಾಡಿರ್ತಾರೆ. ಇವಳಿಗೆ ಯಾರಿದ್ದಾರೆ? ಬಳಿಯೇ ಮುಗಿದುಹೋಯ್ತಲ್ಲ." ಕಾಲು ಬಿಡಿಸಿ ಎದ್ದಳು. "ನಾಳೆ ಇಲ್ಲಿಯೇ ಒಂದು ಎಲೆ ಹಾಕುವಾ."

"ಇಲ್ಲಿಯಾ? ಊರಿಗೆ ಹೋಗಿ ಹಾಕಿದ್ರೆ ಆಗುದಿಲ್ವಾ ಅಮ್ಮ?"

"ಅಲ್ಲಿ ನಿನ್ನ ಮಾವಂದಿರು ನೂರು ಪ್ರಶ್ನೆ ಕೇಳ್ತಾರೆ. ಯಾವ ಬಳಿಯವಳು, ನಮ್ಮ ಚಾವಡಿಯಲ್ಲಿ ಅವಳಿಗೆಂತ ಅಂತ. ಇಲ್ಲಿ ಯಾರದ್ದು ಚಾವಡಿ? ಎಲ್ಲ ಬಂದವರೇ."

ಶುಕ್ರವಾರ ಬೆಳಿಗ್ಗೆ ತನಿಯ ಮಲಯಾಳಿಗಳ ಅಂಗಡಿಯಿಂದ ಬಾಳೆ ಎಲೆ ತಂದ. ನಿಶ್ಮಿತಾ ಕೋಳಿ ಸಾರಿಗೆ ಮಸಾಲೆ ಅರೆದಳು, ಕುಚ್ಚಲಕ್ಕಿ ಅನ್ನ ಮಾಡಿದಳು. ಇದು ಹೊತ್ತು ಮುಳುಗಿದ ಮೇಲೆ ಆಗಬೇಕಾದದ್ದು. ಸತ್ತವಳ ಊರಿನ ಹೊತ್ತು ನೋಡಿದರೆ ಹೇಗೆ ಎಂದು ಮೋಕ್ಷಾ ಫೋನು ತೆಗೆದಳು. "ಅಲ್ಲಿ ಈಗ ಒಂಬತ್ತೂವರೆಗೆ ಕತ್ತಲಾಗುದು ಅಜ್ಜಿ."

"ಅಲ್ಲಿಯವರೆಗೆ ಕೂತ್ರೆ ನನ್ನ ವಿಮಾನ ಯಾರು ಹತ್ತುದು? ಮಧ್ಯಾಹ್ನವೇ ಆಗ್ಲಿ. ಅವಳೇನು ಕ್ರಮ ಕಲಿತವಳಲ್ಲ."

ಹಾಲಿನ ನೆಲ ಒರೆಸಿ ಎಲೆ ಹಾಕಿದರು. ಅಕ್ಕು ಅನ್ನ ಬಡಿಸಿದಳು, ಸಾರು ಹಾಕಿದಳು, ಒಂದು ಲೋಟ ನೀರಿಟ್ಟಳು, ದೀಪ ಹಚ್ಚಿದಳು. ಹೆಸರು ಹೇಳಲು ಮೊಮ್ಮಗಳನ್ನು ಮುಂದೆ ಕರೆದಳು. ಮೋಕ್ಷಾ ಕೈ ಮುಗಿದು, "ನೇಲ್ತ್ಯಾ ಕೊಸ್ಟರ್, ಸ್ಕೀಡಾಮ್" ಎಂದಳು, ಶಾಲೆಯಲ್ಲಿ ಹಾಜರಿ ಕರೆಯುವ ದನಿಯಲ್ಲಿ. "ಬಾ ಮಗಾ, ಉಣ್ಣು" ಎಂದು ಅಕ್ಕು ಸೇರಿಸಿದಳು. ಇಪ್ಪತ್ತಾರಕ್ಕೆ ಸತ್ತವಳು ಅಕ್ಕುವಿಗೆ ಮೊಮ್ಮಗಳ ವಯಸ್ಸಿನವಳು.

ಉಣ್ಣುವವರ ಎದುರು ನಿಲ್ಲಬಾರದು. ಊರಲ್ಲಾದರೆ ಅಂಗಳವಿತ್ತು. ಇಲ್ಲಿ ನಾಲ್ವರೂ ಹೊರಗೆ ಬಂದು, ಬಾಗಿಲೆಳೆದುಕೊಂಡು, ಮೂರನೇ ಮಹಡಿಯ ಕಾರಿಡಾರಿನಲ್ಲಿ ಸಾಲಾಗಿ ನಿಂತರು. ಏಸಿ ಇಲ್ಲದ ಜಾಗ, ಕುದಿಯುವ ಸೆಕೆ. ನಿಶ್ಮಿತಾ ಸೆರಗಿನಲ್ಲಿ ಗಾಳಿ ಹಾಕಿಕೊಂಡಳು.

ಎದುರು ಮನೆಯ ಬಾಗಿಲು ತೆರೆಯಿತು. ಉಳ್ಳಾಲದ ಝೈನಬ, ಕಸದ ಚೀಲ ಹಿಡಿದು ಹೊರಬಂದವಳು ನಿಂತಳು. "ಎಂತ ಅಜ್ಜಿ, ಕೀ ಒಳಗೆ ಬಾಕಿ ಆಯ್ತಾ? ಇವರು ಮನೆಯಲ್ಲೇ ಇದ್ದಾರೆ, ಬಾಗಿಲು ಬಿಚ್ಚಿಸ್ಬೇಕಾ?"

"ಕೀ ಉಂಟು ಮಗಾ. ಒಳಗೆ ನೆಂಟರು ಉಣ್ತಾ ಇದ್ದಾರೆ."

ಝೈನಬ ಒಂದು ಕ್ಷಣ ಅವರ ಮುಖಗಳನ್ನು ನೋಡಿದಳು. ಕರಾವಳಿಯವಳು, ತಿಂಗಳು ಯಾವುದೆಂದು ಲೆಕ್ಕ ಹಾಕಿದಂತಿತ್ತು. ಮತ್ತೇನೂ ಕೇಳದೆ ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಅಕ್ಕುವಿನ ಹಿಂದೆ ಇಟ್ಟಳು.

ತನಿಯ ಲಿಫ್ಟಿನವರೆಗೆ ಹೋದ, ಬಂದ. ಮತ್ತೆ ಹೋದ. ಏರ್‌ಪೋರ್ಟಿಗೆ ಹೊರಡಲು ಇನ್ನು ಮೂರು ಗಂಟೆ. ಮೋಕ್ಷಾ ಗೋಡೆಗೊರಗಿ ನಿಂತಿದ್ದಳು. ಮೂರನೆಯ ಸಲ ಅವನು ಪಕ್ಕದಿಂದ ಹಾದುಹೋಗುವಾಗ ಅವನ ಅಂಗಿಯ ತೋಳು ಹಿಡಿದಳು, ಬಿಡಲಿಲ್ಲ. ತನಿಯ ಅಲ್ಲೇ ನಿಂತ.

"ಎಷ್ಟು ಹೊತ್ತು ಅಮ್ಮ?" ಎಂದು ನಿಂತಲ್ಲಿಂದಲೇ ಕೇಳಿದ.

"ಅವಸರ ಮಾಡ್ಬೇಡ" ಎಂದಳು ಅಕ್ಕು, ಮುಚ್ಚಿದ ಬಾಗಿಲಿನತ್ತ ಮುಖ ಮಾಡಿ. "ದೂರದಿಂದ ಬಂದವಳು. ನಿಧಾನ ಉಣ್ಲಿ."